ಬೇಲಿಯಿಲ್ಲದ ಮರ

ಜನಕಪುರಿ, ದೆಹಲಿ
18 ಜೂನ್ 2007

ಸಿರಿಲ್,

ನಾನೂ ನಿಮ್ಮಪ್ಪನೂ ಚೆನ್ನಾಗಿದ್ದೇವೆ. ಕೂಲರಿನ ಪಂಪು ಕೆಟ್ಟಿದೆ, ಅದೊಂದು ಬಿಟ್ಟರೆ ದೇವರ ದಯೆ. ಫೋನಿನಲ್ಲಿ ನಿನ್ನ ನನ್ನ ಮಾತು ಎರಡು ನಿಮಿಷ ದಾಟುವುದಿಲ್ಲ. ಅಷ್ಟರಲ್ಲಿ ನೀನು ಇಡುತ್ತೀಯ, ಇಲ್ಲವೇ ನಾನು ಇಡುತ್ತೇನೆ. ಕಾಗದಕ್ಕೆ ಆ ತೊಂದರೆಯಿಲ್ಲ. ಇಷ್ಟು ಹತ್ತಿರದ ಗುಡಗಾಂವಿಗೆ ಕಾಗದವೇ ಎಂದು ನಿಮ್ಮಪ್ಪ ನಕ್ಕರು. ನಗಲಿ.

ಭಾನುವಾರ ಕನ್ನಡದವರ ಕಾರ್ಯಕ್ರಮದಲ್ಲಿ ಕಿದ್ವಾಯಿ ನಗರದ ಶಾರದಮ್ಮ ಸಿಕ್ಕಿದರು. ನಿನ್ನ ಹೆಂಡತಿಯ ತೌರುಮನೆಯ ಎದುರು ಕ್ವಾರ್ಟರ್ಸಿನವರು. "ಏನ್ರೀ ರೆಜಿನಮ್ಮ, ಅಜ್ಜಿ ಆಗ್ತಿದೀರಂತೆ, ಒಂದು ಸ್ವೀಟೂ ಇಲ್ವಲ್ಲ" ಎಂದರು. ಮೊದಲೇ ಗೊತ್ತಿದ್ದವಳ ಹಾಗೆ ನಕ್ಕೆ. ಕೈಯಲ್ಲಿದ್ದ ಸಮೋಸಾವನ್ನು ಅಲ್ಲಿಯೇ ತಟ್ಟೆಗಿಟ್ಟೆ. ನನ್ನ ಮೊಮ್ಮಗುವಿನ ಸುದ್ದಿ ನನಗೆ ಮೂರನೆಯವರಿಂದ ತಿಳಿಯಬೇಕಾಯಿತು.

ಅವರು ಇನ್ನೊಂದು ಮಾತೂ ಹೇಳಿದರು. ಮಗುವಿಗೆ ಯಾವ ಧರ್ಮದ ಶಾಸ್ತ್ರವನ್ನೂ ಮಾಡಿಸುವುದಿಲ್ಲವಂತೆ, ದೊಡ್ಡದಾದ ಮೇಲೆ ಅದೇ ಆರಿಸಿಕೊಳ್ಳುತ್ತದಂತೆ. ನೀವಿಬ್ಬರೂ ರಿಜಿಸ್ಟ್ರಾರರ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದಿರಿ. ನಾನು ಬರಲಿಲ್ಲ. ಅದರ ಬಗ್ಗೆ ಈಗ ಬರೆಯುವುದಿಲ್ಲ, ನಿಮ್ಮ ತಲೆ ನಿಮ್ಮದು. ಮಗುವಿನ ತಲೆ ಬೇರೆ. ಪೋಲಿಯೋ ಹನಿ ಹಾಕಿಸುವಾಗ ನಿನ್ನನ್ನು ಕೇಳಿ ಹಾಕಿಸಿದೆನೇ? ಕನ್ನಡ ಬೇಕೋ ಹಿಂದಿ ಬೇಕೋ ಎಂದು ತೊಟ್ಟಿಲ ಬಳಿ ಅರ್ಜಿ ಹಿಡಿದು ನಿಂತಿದ್ದೆನೇ?

ಆದಾಮ ಏವೆಯರ ತಪ್ಪಿನ ಕಲೆ ಹುಟ್ಟುವ ಪ್ರತಿ ಮಗುವಿನ ಮೇಲೂ ಇರುತ್ತದೆ, ಜ್ಞಾನಸ್ನಾನದ ನೀರಿಲ್ಲದೆ ಅದು ಹೋಗುವುದಿಲ್ಲ. ಇದನ್ನು ನೀನು ಏಳನೆಯ ವಯಸ್ಸಿನಲ್ಲಿ ಚರ್ಚಿನ ಜ್ಞಾನೋಪದೇಶದ ತರಗತಿಯಲ್ಲಿ ಒಪ್ಪಿಸಿ ಬಹುಮಾನಕ್ಕೆ ಜಪಸರ ತಂದವನು. ಹುಟ್ಟಿದ ತಿಂಗಳೊಳಗೆ ನಮ್ಮ ಚರ್ಚಿನಲ್ಲಿ ಆಗಬೇಕು. ತೊಟ್ಟಿಲು, ಬಟ್ಟೆ, ಊಟ ಎಲ್ಲ ನನ್ನದು.

ಅವಳು ಬೆಳಿಗ್ಗೆ ವಾಂತಿ ಮಾಡಿಕೊಳ್ಳುತ್ತಿದ್ದರೆ ಒಣ ಅವಲಕ್ಕಿ ಬಾಯಿಗೆ ಹಾಕಿಕೊಳ್ಳಲಿ.

ನಿನ್ನ ಅಮ್ಮ,
ರೆಜಿನಾ ಚಿನ್ನಪ್ಪ

•

ಗುಡಗಾಂವ್
2 ಜುಲೈ 2007

ಅಮ್ಮ,

ಅಕ್ಷರ ನನ್ನದಲ್ಲ ಎಂದು ಲಕೋಟೆ ನೋಡಿದಾಗಲೇ ಗೊತ್ತಾಗಿರುತ್ತದೆ. ನನ್ನ ಕನ್ನಡ ಮಾತಿಗೆ ಸಾಕು, ಕಾಗದಕ್ಕೆ ಸಾಲದು. ನಾನು ಹೇಳುತ್ತಿದ್ದೇನೆ, ಗಗನಾ ಬರೆಯುತ್ತಿದ್ದಾಳೆ. ನಿಮ್ಮನ್ನು "ನೀನು" ಎಂದು ಬರೆಯಲು ಅವಳ ಕೈ ಏಳುತ್ತಿಲ್ಲ, ಅದಕ್ಕೆ ನಾನೂ ಈ ಕಾಗದದಲ್ಲಿ ಮರ್ಯಾದಸ್ಥನಾಗಿದ್ದೇನೆ.

ಸುದ್ದಿ ತಿಳಿಸದಿದ್ದದ್ದು ತಪ್ಪು. ತಿಳಿಸಿದರೆ ಇದೇ ಕಾಗದ ಬರುತ್ತದೆ ಎಂದು ಗೊತ್ತಿತ್ತು, ಹೆದರಿದೆ.

ಏಳನೆಯ ವಯಸ್ಸಿನಲ್ಲಿ ನಾನು ಒಪ್ಪಿಸಿದ್ದು ನಿಮಗೆ ನೆನಪಿದೆ, ಕೇಳಿದ್ದು ನೆನಪಿಲ್ಲ. ಪಾಪ ಎಲ್ಲಿಂದ ಬಂತು ಎಂದು ಕೇಳಿದೆ. ಆದಾಮನಿಂದ ಎಂದಿರಿ. ಆದಾಮನಿಗೆ? ಸರ್ಪದಿಂದ. ಸರ್ಪಕ್ಕೆ? ಅದು ಬಿದ್ದುಹೋದ ದೇವದೂತ, ಅಹಂಕಾರದಿಂದ ಬಿದ್ದ. ಆ ದೂತನಿಗೆ ಅಹಂಕಾರ ಎಲ್ಲಿಂದ ಬಂತು, ಅವನನ್ನು ಮಾಡಿದ್ದೂ ದೇವರೇ ಅಲ್ಲವೇ ಎಂದೆ. ಆಗ ನೀವು ಅನ್ನದ ಕೈಯನ್ನು ಹಾಗೇ ಎತ್ತಿ ಬಾಗಿಲು ತೋರಿಸಿದಿರಿ. ನಾನು ಮೆಟ್ಟಿಲ ಮೇಲೆ ಕೂತು ಊಟ ಮುಗಿಸಿದೆ.

ದೊಡ್ಡವನಾದ ಮೇಲೆ ಫಾದರ್ ಒಬ್ಬರು ಉತ್ತರ ಕೊಟ್ಟರು. ದೇವರು ಪಾಪ ಮಾಡಲಿಲ್ಲ, ಇಚ್ಛೆಯನ್ನು ಮಾಡಿದ, ಬೇಡ ಎನ್ನಲು ಬಾರದವನ ಪ್ರೀತಿ ಅವನಿಗೆ ಬೇಕಿರಲಿಲ್ಲ ಎಂದರು. ನನಗೆ ಅದು ಇಷ್ಟವಾಯಿತು. ಅದಕ್ಕೇ ಹೇಳುತ್ತಿದ್ದೇನೆ. ದೇವರೇ ಅಷ್ಟು ಬಿಟ್ಟಿರುವಾಗ ನಾವು ಯಾಕೆ ಮಗುವಿನ ಪರವಾಗಿ ಮೊದಲೇ ಹೂಂ ಎಂದುಬಿಡಬೇಕು? ಕಿದ್ವಾಯಿ ನಗರದ ಅತ್ತೆಗೂ ಇದನ್ನೇ ಹೇಳಿದೆ. ನಾಮಕರಣ, ಹೋಮ ಏನೂ ಇಲ್ಲ. ಅವರೂ ಮಾತು ಬಿಟ್ಟಿದ್ದಾರೆ, ನಿಮಗೆ ಜೊತೆ ಸಿಕ್ಕಿತು.

ಒಂದು ಮಾತು ಬೇಕು. ನಮ್ಮನ್ನು ಕೇಳದೆ ಮಗುವಿನ ತಲೆಗೆ ನೀರು ಹಾಕುವುದಿಲ್ಲ, ಹಾಕಿಸುವುದೂ ಇಲ್ಲ ಎಂದು ಬರೆದು ಕಳಿಸಿ. ಬೇರೆಯವರಿಂದಾದರೆ ಸಹಿ ಕೇಳುತ್ತಿದ್ದೆ. ನಿಮ್ಮ ಮಾತು ಸಾಕು.

ಸಿರಿಲ್

ಅತ್ತೆ, ಅವಲಕ್ಕಿ ಕೆಲಸ ಮಾಡಿತು. (ಇದು ಅವನು ಹೇಳಿದ್ದಲ್ಲ.)

•

ಜನಕಪುರಿ
21 ಜುಲೈ 2007

ಸಿರಿಲ್,

ದೂತನಿಗೆ ಅಹಂಕಾರ ಎಲ್ಲಿಂದ ಬಂತು ಎಂದು ನನ್ನನ್ನೇ ನೋಡಿಕೊಂಡು ಕೇಳಿದೆಯೋ ಏನೋ ಎಂದು ನಿಮ್ಮಪ್ಪ ಅಂದರು. ಅಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ನಿನ್ನ ಕಾಗದ ಹಿಡಿದು ನಮ್ಮ ಚರ್ಚಿನ ಹೊಸ ಸ್ವಾಮಿಯವರ ಬಳಿ ಹೋದೆ. ರಾಂಚಿ ಕಡೆಯವರು, ಚಿಕ್ಕ ವಯಸ್ಸು. "ಮಾತಾಜಿ, ಚಿಂತಾ ಮತ್ ಕೀಜಿಯೇ" ಎಂದು ಶುರುಮಾಡಿದರು. ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಮಕ್ಕಳ ವಿಷಯದಲ್ಲೂ ದೇವರ ಕರುಣೆಯ ಮೇಲೆ ಭರವಸೆ ಇಡಲು ಕಾರಣವಿದೆ ಎಂದು ರೋಮಿನ ಪಂಡಿತರು ಈ ವರ್ಷವೇ ಬರೆದಿದ್ದಾರಂತೆ. ಭರವಸೆ ಇದೆ ಎಂದರೆ ಖಚಿತವಿಲ್ಲ ಎಂದು ತಾನೇ ಅರ್ಥ, ಎಂದೆ. ಅವರು ಚಹಾ ತರಿಸಿದರು.

ನಿನಗೆ ನಾನು ಹೇಳದ ಒಂದು ವಿಷಯವಿದೆ. ಹೇಳುವ ಸಂದರ್ಭ ಬಂದಿರಲಿಲ್ಲ. ಕನಕಪುರದ ಕಡೆಯ ನಮ್ಮೂರಿನಲ್ಲಿ, ನನಗಿಂತ ಮೊದಲು ನಮ್ಮಮ್ಮನಿಗೆ ಒಂದು ಹೆಣ್ಣುಮಗು ಆಯಿತು. ಹೊಲದಲ್ಲಿದ್ದಾಗಲೇ ನೋವು ಬಂತು. ಸೂಲಗಿತ್ತಿ ಓಡಿ ಬರುವುದರೊಳಗೆ ಹುಟ್ಟಿತು, ಬರುವುದರೊಳಗೆ ಹೋಯಿತು. ಅಂಥ ಹೊತ್ತಿನಲ್ಲಿ ಯಾರು ಬೇಕಾದರೂ ನೀರು ಹಾಕಿ ಜ್ಞಾನಸ್ನಾನದ ಮಾತು ಹೇಳಬಹುದು. ಅಮ್ಮನಿಗೆ ಆ ಮಾತು ಬರುತ್ತಿತ್ತು, ಪಕ್ಕದಲ್ಲೇ ನೀರಿನ ಮಡಕೆಯೂ ಇತ್ತು. ನೋವಿನಲ್ಲಿ ನೆನಪಾಗಲಿಲ್ಲ. ಆ ಮಗುವನ್ನು ಸಮಾಧಿಯ ಜಾಗದ ಒಳಗೆ ಮಣ್ಣು ಮಾಡಲು ಬಿಡಲಿಲ್ಲ. ಕಳ್ಳಿಬೇಲಿಯ ಆಚೆ ಮಾಡಿದರು. ಅಮ್ಮ ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಬೇಲಿಯ ಈಚೆ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದಳು. ಯಾಕೆ ಎಂದು ನಾವು ಕೇಳಿದರೆ ಕಾಲಿಗೆ ಮುಳ್ಳು ಚುಚ್ಚಿತು ಎನ್ನುತ್ತಿದ್ದಳು. ನನಗೆ ಅಆಇಈಗೂ ಮೊದಲು ಆ ಮಾತು ಬಾಯಿಪಾಠ ಮಾಡಿಸಿದಳು.

ಈಗ ರೋಮಿನವರು ಭರವಸೆ ಇದೆ ಎನ್ನುತ್ತಾರೆ. ಅಮ್ಮ ಸತ್ತು ಇಪ್ಪತ್ತು ವರ್ಷವಾಯಿತು. ಅವಳಿಗೆ ಯಾರು ಹೋಗಿ ಹೇಳುತ್ತಾರೆ?

ನಿಮ್ಮ ಫಾದರ್ ಕೊಟ್ಟ ಉತ್ತರ ಚೆನ್ನಾಗಿದೆ, ಹೆತ್ತವರಿಗೆ ಸಾಲದು. ಆದಾಮ ಏವೆಯರು ತಿನ್ನಬಾರದ ಹಣ್ಣಿನ ಮರವನ್ನು ಅವರ ತೋಟದ ನಡುವೆ ನೆಟ್ಟು ಬೇಲಿ ಹಾಕದೆ ಬಿಟ್ಟದ್ದು ದೇವರಿಗೆ ಸರಿ. ನಾನಾಗಿದ್ದರೆ ಬೇಲಿ ಹಾಕುತ್ತಿದ್ದೆ, ಬೀಗವನ್ನೂ ಹಾಕುತ್ತಿದ್ದೆ. ಮಕ್ಕಳು ನನ್ನನ್ನು ಪ್ರೀತಿಸದಿದ್ದರೂ ತೋಟದೊಳಗೇ ಇರುತ್ತಿದ್ದರು.

ನೀನು ಕೇಳಿದ ಮಾತು ಕೊಟ್ಟಿದ್ದೇನೆ. ನಿಮ್ಮನ್ನು ಕೇಳದೆ ಹಾಕುವುದಿಲ್ಲ, ಹಾಕಿಸುವುದಿಲ್ಲ. ನನಗೆ ಹೆದರಿ ನೀನು ಮಗುವನ್ನು ಬಚ್ಚಿಡುವ ಹಾಗಾಗಬಾರದು, ಅದಕ್ಕೆ. ಕೇಳುವುದನ್ನು ಮಾತ್ರ ನಾನು ನಿಲ್ಲಿಸುವುದಿಲ್ಲ.

ಅಮ್ಮ

•

ಆಸ್ಪತ್ರೆ, ಮಕ್ಕಳ ನರ್ಸರಿಯ ಹೊರಗಿನ ಬೆಂಚು
16 ಅಕ್ಟೋಬರ್ 2007

ಸಿರಿಲ್,

ನರ್ಸರಿಗೆ ಮನೆಗೊಂದೇ ಪಾಸು. ನಾನು ಹೊರಗೆ ಬಂದರೆ ತಾನೇ ನೀನು ಒಳಗೆ ಹೋಗಬೇಕು. ಗೇಟಿನಲ್ಲಿ ನಿನ್ನ ಮುಖ ನೋಡಿದರೆ ನನಗೆ ಮಾತು ಬರುವುದಿಲ್ಲ, ಆದ್ದರಿಂದ ಡಬ್ಬಿಯ ಚೀಲದಲ್ಲಿ ಈ ಚೀಟಿ ಇಟ್ಟಿದ್ದೇನೆ. ಸಾರು ಕೆಳಗಿನ ಡಬ್ಬಿಯಲ್ಲಿದೆ, ಚೀಲ ಓರೆ ಮಾಡಬೇಡ.

ಮಗು ಇವತ್ತು ಬಣ್ಣ ಬದಲಾಯಿಸಿದೆ. ನಿನ್ನೆ ಕೆಂಪಗಿತ್ತು, ಇವತ್ತು ಬೂದಿ ಬಣ್ಣ. ಎರಡು ತಿಂಗಳು ಮೊದಲೇ ಬಂದ ಮಗು, ಈಗ ರಕ್ತದಲ್ಲಿ ಸೋಂಕು ಎಂದರು ಡಾಕ್ಟರು. ಔಷಧಿ ಹಿಡಿಯುತ್ತದೋ ಇಲ್ಲವೋ ಇನ್ನೆರಡು ಮೂರು ದಿನದಲ್ಲಿ ತಿಳಿಯುತ್ತದಂತೆ. ನಿನಗೆ ಫೋನಿನಲ್ಲಿ ಹೇಳಿದರಂತೆ. ಮಹಡಿಯ ವಾರ್ಡಿನಲ್ಲಿರುವ ಗಗನಾಳಿಗೆ ಹೇಳಿಲ್ಲ, ಪ್ರೆಶರ್ ಇನ್ನೂ ಇಳಿದಿಲ್ಲ ಎಂದರು.

ಬೆಳಗಿನಿಂದ ನಾನೂ, ಗಗನಾಳ ವಾರ್ಡಿನ ಪಾಸಿನಲ್ಲಿ ಬಂದ ನಿನ್ನ ಅತ್ತೆ ವಿಜಯಮ್ಮನವರೂ ಒಂದೇ ಬೆಂಚಿನಲ್ಲಿ ಕೂತಿದ್ದೇವೆ. ಅವರು ಸಹಸ್ರನಾಮ ಹೇಳುತ್ತಾರೆ, ನಾನು ಜಪಸರ ಎಣಿಸುತ್ತೇನೆ. ಹೊರಗೆ ಎಲ್ಲಿಯೋ ರಾಮಲೀಲಾದ ಮೈಕು ಪರೀಕ್ಷೆ ಮಾಡುತ್ತಿದ್ದಾರೆ. ಇಷ್ಟು ವರ್ಷ ನಾವಿಬ್ಬರೂ ಮಾತಾಡಿರಲಿಲ್ಲ. ಇವತ್ತು ಅವರೇ ಕೇಳಿದರು.

"ನಮ್ಮಲ್ಲಿ ಇಂಥದಕ್ಕೆಲ್ಲ ಹಿಂದಿನ ಜನ್ಮದ ಕರ್ಮ ಅಂತೀವಿ. ನಿಮ್ಮಲ್ಲಿ ಏನಂತೀರಿ?"

"ನಮಗೆ ಹಿಂದಿನ ಜನ್ಮ ಇಲ್ಲ. ಮೊದಲನೇ ಮನುಷ್ಯ ಮಾಡಿದ ತಪ್ಪು ಅಂತೀವಿ."

"ನಮ್ಮದೇ ವಾಸಿ ಬಿಡಿ. ಮಾಡಿದ್ದು ತಾನೇ ಉಣ್ಣೋದು. ನಿಮ್ಮಲ್ಲಿ ಯಾರೋ ತಿಂದದ್ದಕ್ಕೆ ಈ ಕೂಸು ಯಾಕೆ?"

"ನಿಮ್ಮ ಕೂಸಿಗೆ ತಾನು ಏನು ಮಾಡಿದ್ದೆ ಅಂತ ನೆನಪಿದೆಯಾ?"

"ಅದೂ ಇಲ್ಲ" ಎಂದರು. ಆಮೇಲೆ ತಮ್ಮ ಚೀಲದಿಂದ ಒಂದು ಕಿತ್ತಳೆ ತೆಗೆದು ಸುಲಿದು ಅರ್ಧ ನನಗೆ ಕೊಟ್ಟರು.

ಈಗ ವಿಷಯ. ಒಳಗೆ ಲಿಸಮ್ಮ ಎಂಬ ಮಲೆಯಾಳಿ ಸಿಸ್ಟರ್ ಇದ್ದಾಳೆ, ನಮ್ಮವಳೇ. ನನ್ನ ಕೈಯಲ್ಲಿದ್ದ ಜಪಸರ ನೋಡಿ ಹತ್ತಿರ ಬಂದು ಮೆಲ್ಲಗೆ, "ಅಮ್ಮಚ್ಚೀ, ಬಚ್ಚೀ ಕಾ ಬಪ್ತಿಸ್ಮಾ ಹುವಾ?" ಎಂದಳು. ಜ್ಞಾನಸ್ನಾನ ಆಗಿಲ್ಲ ಎಂದೆ. "ಮೈಂ ಕರ್ ದೂಂ? ಥೋಡಾ ಸಾ ಪಾನಿ. ಆಪ್ ಬೋಲೇಂಗೇ ತೋ ಹೀ" ಎಂದಳು. ಸ್ವಲ್ಪ ನೀರು ಹಾಕಿ ತಾನೇ ಮಾಡಲೇ ಎಂದು, ನಾನು ಹೇಳಿದರೆ ಮಾತ್ರ ಅಂತೆ. ಈ ಕೈಗಳಿಗೆ ಗಾಜಿನಾಚೆಗೆ ಹೋಗುವ ಅನುಮತಿ ಇಲ್ಲ, ಅವಳ ಕೈಗಳಿಗೆ ಇದೆ. ನಾಳೆ ಹೇಳುತ್ತೇನೆ ಎಂದು ಬಂದು ಕೂತೆ. ಅಲ್ಲಿಂದ ಇಲ್ಲಿಯವರೆಗೆ ಒಂದು ಮಣಿಯೂ ಮುಂದೆ ಹೋಗಿಲ್ಲ.

ಮಾತು ಕೊಟ್ಟಿದ್ದೇನೆ, ಆದ್ದರಿಂದ ಕೇಳುತ್ತಿದ್ದೇನೆ. ಹೂಂ ಅಥವಾ ಬೇಡ. ಒಂದು ಪದ ಬರೆದು ಖಾಲಿ ಡಬ್ಬಿಯಲ್ಲಿಟ್ಟು ಬೆಂಚಿನ ಕೆಳಗೆ ಇಡು.

ಅಮ್ಮ

•

17 ಅಕ್ಟೋಬರ್

ಅಮ್ಮ,

ನನ್ನ ಕೈಬರಹ, ಬೈಬೇಡ. ಹೂಂ ಅಂತ ಬರೆದೆ, ಹರಿದೆ. ಬೇಡ ಅಂತ ಬರೆದೆ, ಅದನ್ನೂ ಹರಿದೆ. ಹೂಂ ಅಂದ್ರೆ ಮಗಳು ಹೋಗ್ತಾಳೆ ಅಂತ ನಾನು ಒಪ್ಪಿಕೊಂಡ ಹಾಗೆ ಅನಿಸ್ತಿದೆ. ಬೇಡ ಅಂದು ನಾಳೆ ಏನಾದ್ರೂ ಆದ್ರೆ ನಿನ್ನ ಮುಖ ನೋಡೋದು ಹೇಗೆ?

ನೀನು ಕೊಟ್ಟ ಮಾತಿನಿಂದ ನಿನ್ನನ್ನ ಬಿಟ್ಟಿದ್ದೇನೆ. ನಿನಗೆ ಸರಿ ಅನಿಸಿದ್ದು ಮಾಡು. ನಾನು ಕೇಳಲ್ಲ.

ಸಾರು ಚೆಲ್ಲಲಿಲ್ಲ.

ಸಿರಿಲ್

•

17 ಅಕ್ಟೋಬರ್, ಮಧ್ಯಾಹ್ನ

ಸಿರಿಲ್,

ಇದಕ್ಕೆ ಹೇಡಿತನ ಎನ್ನುತ್ತಾರೆ. ನಿನ್ನ ಮಗು, ನಿನ್ನ ನಿಯಮ, ನನ್ನಿಂದ ಮಾತು ತೆಗೆದುಕೊಂಡವನೂ ನೀನು. ಈಗ ಗೇಟು ತೆಗೆದಿಟ್ಟು ಪಕ್ಕಕ್ಕೆ ಸರಿದಿದ್ದೀಯ. ಬೇಡ ಎಂದಿದ್ದರೆ ನಿನ್ನ ಮೇಲೆ ಕೋಪ ಮಾಡಿಕೊಂಡು ಕೂತಿರುತ್ತಿದ್ದೆ, ಅದು ಎಷ್ಟೋ ಸುಲಭವಾಗಿತ್ತು.

ಡಬ್ಬಿಯಲ್ಲಿ ಉಪ್ಪಿಟ್ಟು ಇದೆ.

ಅಮ್ಮ

•

ಜನಕಪುರಿ
18 ಅಕ್ಟೋಬರ್ 2007

ಸಿರಿಲ್,

ನೀನು ಸಂಜೆ ಅಲ್ಲಿಗೆ ಹೋಗುವ ಮೊದಲು ಇದನ್ನು ಓದಬೇಕು, ಆದ್ದರಿಂದ ನಿಮ್ಮಪ್ಪನ ಕೈಯಲ್ಲಿ ಆಫೀಸಿಗೇ ಕಳಿಸುತ್ತಿದ್ದೇನೆ. ಮಧ್ಯೆ ಬಾಯಿ ಹಾಕದೆ ಕೊನೆಯವರೆಗೂ ಓದು.

ನಿನ್ನೆ ಮಧ್ಯಾಹ್ನ ನಿನಗೆ ಬೈದು ಬರೆದ ಮೇಲೆ ಸಿಸ್ಟರ್ ಲಿಸಮ್ಮನನ್ನು ಕರೆದೆ. ಅವಳು ಕೈ ತೊಳೆದುಕೊಂಡು ಒಂದು ಸಣ್ಣ ಸ್ಟೀಲ್ ಬಟ್ಟಲಲ್ಲಿ ನೀರು ಹಿಡಿದು ಗಾಜಿನಾಚೆ ನಿಂತು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದರೆ ಸಾಕಿತ್ತು. ಮಗು ಹೊಟ್ಟೆಯಿಂದ ಉಸಿರಾಡುತ್ತಿತ್ತು, ಪಕ್ಕೆಲುಬು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಇಷ್ಟು ವರ್ಷ ಯಾರು ಏನೇ ಕೇಳಿದರೂ ನನ್ನ ಬಳಿ ಉತ್ತರ ಸಿದ್ಧವಾಗಿರುತ್ತಿತ್ತು. ನಿನ್ನೆ ನನ್ನ ಕತ್ತು ಅಲ್ಲಾಡಲಿಲ್ಲ. ಯಾರೂ ತಡೆಯುತ್ತಿಲ್ಲ, ಯಾರೂ ತಳ್ಳುತ್ತಿಲ್ಲ. ಆದಾಮನೂ ಏವೆಯೂ ಆ ಮರದ ಕೆಳಗೆ ಹೀಗೆಯೇ ನಿಂತಿದ್ದರೇ, ಇಷ್ಟು ಒಂಟಿಯಾಗಿ, ಎಂದು ಮೊದಲ ಸಲ ಅವರ ಬಗ್ಗೆ ನನಗೆ ಮರುಕ ಬಂತು. ಇಷ್ಟು ದಿನ ಬರೀ ಕೋಪವಿತ್ತು.

ಆಗ ಹೊಳೆಯಿತು. ಜೂನಿನಿಂದ ನಾವಿಬ್ಬರೇ ಕಾಗದ ಬರೆದುಕೊಂಡಿದ್ದೇವೆ. ನಿನ್ನ ಮಾತುಗಳೆಲ್ಲ ಗಗನಾಳ ಕೈಯಿಂದ ಬಂದವು, ಆದರೂ ಅವಳನ್ನು ನೀನೂ ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಸಿಸ್ಟರ್‌ಗೆ ಒಂದು ನಿಮಿಷ ಇರು ಎಂದು ಸನ್ನೆ ಮಾಡಿ ಮಹಡಿ ಹತ್ತಿದೆ. ಡಾಕ್ಟರು ಬೈಯುವುದಾದರೆ ನನ್ನನ್ನು ಬೈಯಲಿ ಎಂದುಕೊಂಡೆ.

ಗಗನಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹೆಜ್ಜೆ ಸಪ್ಪಳಕ್ಕೇ ಗುರುತು ಹಿಡಿದು, "ಅತ್ತೆ, ಕೆಳಗೆ ಏನೋ ಆಗಿದೆ ಅಲ್ವಾ? ಅಮ್ಮ ಬೆಳಗಿನಿಂದ ಮೂರು ಸಲ ಬಂದು ಬರೀ ನಕ್ಕು ಹೋದ್ರು" ಎಂದಳು.

ಇದ್ದದ್ದು ಇದ್ದ ಹಾಗೆ ಹೇಳಿದೆ. ಸೋಂಕಿನದು, ಸಿಸ್ಟರಿನದು, ನೀರಿನದು. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ.

"ಆ ನೀರು ಏನು ಮಾಡುತ್ತೆ ಅತ್ತೆ?"

"ಹುಟ್ಟುವಾಗ ಜೊತೆಗೆ ಬಂದ ಪಾಪ ತೊಳೆಯುತ್ತೆ."

"ಯಾರಿಂದ ಬಂದದ್ದು?"

ಆದಾಮನಿಂದ ಹಿಡಿದು ತಂದೆತಾಯಿಯಿಂದ ಮಕ್ಕಳಿಗೆ. ಜ್ಞಾನೋಪದೇಶದ ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ಅಂದಳು, "ನನ್ನಿಂದ. ನಾನೂ ಅದನ್ನೇ ಅಂದುಕೊಳ್ತಾ ಮಲಗಿದ್ದೆ. ಕಾಲು ಊದಿತ್ತು, ಆಫೀಸಿಗೆ ಹೋಗ್ಬೇಡ ಅಂತ ಅಮ್ಮ ಹೇಳಿದ್ರು. ಸಾಫ್ಟ್‌ವೇರ್ ರಿಲೀಸ್ ಇದೆ, ಈ ವಾರ ಮುಗಿಸಿ ರಜಾ ಹಾಕ್ತೀನಿ ಅಂತ ಹೋದೆ. ಪ್ರೆಶರ್ ನೋಡಿಸಿಕೊಳ್ಳೋಕೂ ಟೈಮ್ ಇರಲಿಲ್ಲ. ನಾನೇ ಆರಿಸಿಕೊಂಡದ್ದು. ಅನುಭವಿಸ್ತಿರೋದು ಅವಳು. ನಿಮ್ಮ ಪುಸ್ತಕದಲ್ಲೂ ಹಾಗೇ ಇದ್ಯಲ್ಲ."

"ನಿನ್ನದಲ್ಲ" ಎಂದೆ. ಎಷ್ಟು ಜೋರಾಗಿ ಎಂದರೆ ಪಕ್ಕದ ಮಂಚದ ಪಂಜಾಬಿ ಹೆಂಗಸು ಎದ್ದು ಕೂತಳು.

"ಮತ್ತೆ ಯಾರದು?"

ಸ್ವಾಮಿಯವರಾಗಿದ್ದರೆ ಮಗು ಮಾಡಿದ ತಪ್ಪಲ್ಲ ಅದು, ಮನುಷ್ಯರೆಲ್ಲರಿಗೂ ಬಂದ ಗಾಯ ಎಂದು ಬಿಡಿಸಿ ಹೇಳುತ್ತಿದ್ದರು. ನನಗೂ ಅದು ಗೊತ್ತು. ಆದರೆ ಹೆತ್ತು ಮಗುವನ್ನು ಇನ್ನೂ ಎತ್ತಿಕೊಳ್ಳದವಳ ಮುಂದೆ ಯಾವ ಪದ ಹೇಳಿದರೂ ಅದು ಬೆರಳು ತೋರಿಸಿದ ಹಾಗೆಯೇ ಕೇಳಿಸುತ್ತದೆ. "ಗೊತ್ತಿಲ್ಲಮ್ಮ" ಎಂದೆ. "ನಿನ್ನದಲ್ಲ ಅನ್ನೋದು ಗೊತ್ತು. ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳ್ತೀನಿ."

ಅವಳು ನನ್ನ ಕಡೆ ಹೊರಳಿದಳು. ಆಮೇಲೆ, "ನೀವು ಮಾಡಿಸಬೇಡಿ ಅತ್ತೆ. ಸಿಸ್ಟರ್ ಕೂಡ ಬೇಡ. ನಾಳೆ ವೀಲ್‌ಚೇರಿನಲ್ಲಿ ಕೆಳಗೆ ಬಿಡ್ತಾರಂತೆ. ಅವಳನ್ನ ಮೊದಲು ಮುಟ್ಟೋದು ನಾನಾಗಬೇಕು" ಎಂದಳು.

ನಾಳೆಯವರೆಗೆ ಮಗು ಇರಬೇಕಲ್ಲ, ಎಂಬುದು ನನ್ನ ಬಾಯಿಗೆ ಬಂದಿತ್ತು. ಅವಳಿಗೂ ಅದು ಗೊತ್ತಿತ್ತು, ಕಣ್ಣಿನಲ್ಲೇ ಇತ್ತು.

"ನಾನು ಮಾಡಿದ್ರೆ ಆಗುತ್ತಾ? ನಾನು ನಿಮ್ಮೋರಲ್ಲ."

ಆಗುತ್ತದೆ. ನಮ್ಮೂರಿನ ಸೂಲಗಿತ್ತಿ ಪುಟ್ಟಚೆನ್ನಿ ಮಾರಮ್ಮನ ಒಕ್ಕಲು. ಹಳೆಯ ಸ್ವಾಮಿಗಳು ಅವಳಿಗೂ ಆ ಮಾತು ಕಲಿಸಿಟ್ಟಿದ್ದರು. ಜೀವ ಹೋಗುವ ಹೊತ್ತಿನಲ್ಲಿ ಯಾರ ಕೈಯಾದರೂ ಸರಿ, ಮನಸ್ಸಿಟ್ಟು ಮಾಡಬೇಕು, ಅಷ್ಟೇ. ಅದನ್ನು ಹೇಳಿದೆ. "ಮಾಡ್ತೀಯಾ?" ಎಂದೆ.

"ಗೊತ್ತಿಲ್ಲ. ಕಲಿಸಿ. ಅವಳನ್ನ ನೋಡಿ ಆಮೇಲೆ ಹೇಳ್ತೀನೋ ಬಿಡ್ತೀನೋ."

ಕಲಿಸಿದೆ. ಮಗುವಿನ ಹೆಸರು ಹೇಳಿ, ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎಂದು ನೀರು ಹನಿಸುವುದು. ಅವಳು ಎರಡು ಸಲ ತಪ್ಪಿದಳು, ತಿದ್ದಿದೆ. ಮೂರನೆಯ ಸಲ ಸರಿ ಹೇಳಿದಳು. ಪಕ್ಕದ ಮಂಚದವಳು ಇದೇನೋ ಮಂತ್ರ ಎಂದು ಸೆರಗು ತಲೆಗೆ ಹೊದ್ದುಕೊಂಡು ಕೂತಿದ್ದಳು.

ಕೆಳಗೆ ಬಂದು ಸಿಸ್ಟರ್‌ಗೆ ಬೇಡ ಎಂದೆ. "ರಹನೇ ದೋ" ಎಂದೆ. ಅವಳು ಬಟ್ಟಲಿನ ನೀರನ್ನು ಸಿಂಕಿಗೆ ಚೆಲ್ಲಿದಳು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಫೋನು ಮಾಡಲು ನಿಮ್ಮಪ್ಪನಿಗೆ ಹೇಳಿ ನಾನು ಬಾಲ್ಕನಿಗೆ ಹೋಗಿ ನಿಂತೆ. ಅವರು ಹಿಂದಿನಿಂದ ಬಂದು "ಇದಾಳೆ" ಎಂದರು. ಆಮೇಲೆ ಈ ಕಾಗದಕ್ಕೆ ಕೂತೆ.

ಮಧ್ಯಾಹ್ನ ಗಗನಾಳನ್ನು ಕೆಳಗೆ ಕರೆತರುತ್ತಾರೆ. ನಾನು ಇವತ್ತು ಬರುವುದಿಲ್ಲ. ಗಾಜಿನ ಹೊರಗೆ ನಾನು ನಿಂತಿದ್ದರೆ ಅವಳು ನನಗಾಗಿ ಮಾಡುತ್ತಾಳೆ, ಇಲ್ಲವೇ ನನಗೆ ಎದುರಾಗಿ ಬಿಡುತ್ತಾಳೆ. ನೀನೂ ಸಂಜೆ ಹೋದಾಗ ಏನನ್ನೂ ಕೇಳಬೇಡ. ನರ್ಸರಿಯ ಪಾಸು ವಿಜಯಮ್ಮನವರ ಬಳಿ ಇದೆ.

ನನಗೆ ಭಯವಾಗುತ್ತಿದೆ, ಸಿರಿಲ್.

ಅಮ್ಮ

•

ಗುಡಗಾಂವ್
9 ಡಿಸೆಂಬರ್ 2007

ಪೂಜ್ಯ ಅತ್ತೆಯವರಿಗೆ,

ಈ ಸಲ ಯಾರೂ ಪಕ್ಕದಲ್ಲಿ ಕೂತು ಹೇಳುತ್ತಿಲ್ಲ, ನಾನೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಬೇಡಿ.

ಹರ್ಷಿಣಿ ಮನೆಗೆ ಬಂದು ಎರಡು ವಾರವಾಯಿತು. ಬಾಟಲಿಯಲ್ಲಿ ಹಾಲು ಕುಡಿಯುವಾಗ ಹುಬ್ಬು ಗಂಟು ಹಾಕುತ್ತಾಳೆ. ಆಗ ಥೇಟ್ ನೀವೇ ಎಂದು ಸಿರಿಲ್ ಹೇಳುತ್ತಾನೆ. ಹೊಗಳುತ್ತಿದ್ದಾನೋ ಇಲ್ಲವೋ ನನಗೆ ತಿಳಿಯಲಿಲ್ಲ.

ನೀವು ಆಸ್ಪತ್ರೆಗೆ ಬಂದಾಗಲೂ ಫೋನು ಮಾಡಿದಾಗಲೂ ಅದನ್ನು ಕೇಳಲಿಲ್ಲ. "ಮಗು ಹೇಗಿದೆ" ಎನ್ನುತ್ತೀರಿ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತೀರಿ, ಆಮೇಲೆ "ಚಳಿ ಇದೆ, ಟೋಪಿ ಹಾಕು" ಎನ್ನುತ್ತೀರಿ. ಆ ಸ್ವಲ್ಪ ಹೊತ್ತು ನನಗೆ ಕೇಳಿಸುತ್ತದೆ ಅತ್ತೆ. ಆದ್ದರಿಂದ ಬರೆಯುತ್ತಿದ್ದೇನೆ.

ಆ ಮಧ್ಯಾಹ್ನ ಸಿಸ್ಟರ್ ಲಿಸಮ್ಮ ನನ್ನ ಕೈ ತೊಳೆಸಿ ಮಗುವಿನ ಗಾಜಿನ ಪೆಟ್ಟಿಗೆಯ ಕಿಂಡಿಯಿಂದ ಒಳಗೆ ಬಿಟ್ಟರು. ಪಕ್ಕದಲ್ಲಿ ನೀರಿನ ಬಟ್ಟಲು ಇಟ್ಟು ಆ ಕಡೆ ತಿರುಗಿ ನಿಂತರು. ಅವಳ ತಲೆ ನನ್ನ ಅಂಗೈಗಿಂತ ಚಿಕ್ಕದಿತ್ತು, ಬಿಸಿ ಇತ್ತು. ನೀವು ಕಲಿಸಿದ ಮಾತು ಪೂರ್ತಿ ನೆನಪಿತ್ತು.

ಹೇಳಿದೆನೋ ಇಲ್ಲವೋ ಎಂಬುದನ್ನು ಸಿರಿಲ್‌ಗೆ ಹೇಳಿಲ್ಲ. ನಮ್ಮಮ್ಮ ಸುತ್ತು ಬಳಸಿ ಕೇಳುತ್ತಾರೆ, ಅವರಿಗೂ ಹೇಳಿಲ್ಲ. ನಿಮಗೂ ಹೇಳುವುದಿಲ್ಲ. ಕೋಪದಿಂದಲ್ಲ. ಅವಳು ದೊಡ್ಡವಳಾಗಿ ಕೇಳಿದರೆ ಅವಳಿಗೆ ಹೇಳುತ್ತೇನೆ, ಆಮೇಲೆ ಅವಳ ಇಷ್ಟ. ಆ ದಿನ ಆ ಮಾತು ಹೇಳಿದ್ದರೆ ಯಾಕೆ ಹೇಳಿದೆ ಎಂದು ಅವಳು ನನ್ನನ್ನು ಬೈಯಬಹುದು, ಹೇಳದಿದ್ದರೆ ಯಾಕೆ ಬಿಟ್ಟೆ ಎಂದೂ ಬೈಯಬಹುದು. ಬೈಸಿಕೊಳ್ಳಲು ನಾನು ತಯಾರಿದ್ದೇನೆ. ಅದನ್ನು ಬೇರೆ ಯಾರ ಮೇಲೂ ಹಾಕಲು ಮನಸ್ಸಿಲ್ಲ.

ನಿಮಗೆ ಇದು ಎಷ್ಟು ಕಷ್ಟ ಎಂದು ಗೊತ್ತು. ಬೇಲಿಯ ಬಳಿ ನಿಲ್ಲುತ್ತಿದ್ದ ನಿಮ್ಮ ಅಮ್ಮನ ವಿಷಯ ಸಿರಿಲ್‌ಗೆ ಓದಿ ಹೇಳಿದ್ದೂ ನಾನೇ. ಅವನಿಗೆ ಕೂಡಿಸಿ ಓದಲು ಹೊತ್ತು ಹಿಡಿಯುತ್ತದೆ. ಆ ಸಾಲಿಗೆ ಬಂದಾಗ ನನಗೆ ಓದಲು ಆಗದೆ ಅವನೇ ಎಳೆದೆಳೆದು ಓದಿದ.

ಮುಂದಿನ ಭಾನುವಾರ ಬರಲೇ? ಬಂದರೆ ನಿಮಗೆ ಹಿಂಸೆಯಾಗುತ್ತದೆಯೇ, ತಿಳಿಸಿ.

ನಿಮ್ಮ ಸೊಸೆ,
ಗಗನಾ

•

ಜನಕಪುರಿ
13 ಡಿಸೆಂಬರ್ 2007

ಚಿ. ಸೌ. ಗಗನಾ,

ನಿನ್ನ ಕಾಗದ ಮಂಗಳವಾರ ಬಂತು. ಆ ದಿನ ಓದಿ ನಿಮ್ಮ ಮಾವನಿಗೂ ಕೊಡದೆ ಅಕ್ಕಿ ಡಬ್ಬದ ಮೇಲಿಟ್ಟೆ. ಬುಧವಾರ ಸ್ವಾಮಿಯವರ ಬಳಿ ಹೋದೆ. ಹೆಸರು ಹೇಳದೆ ಕೇಳಿದೆ. ಅವರಿಗೆ ಯಾರೆಂದು ತಿಳಿಯದೇ ಇರುತ್ತದೆಯೇ, ಸುಮ್ಮನೆ ಕೇಳಿಸಿಕೊಂಡರು.

ಜ್ಞಾನಸ್ನಾನವನ್ನು ಎರಡು ಸಲ ಕೊಡುವ ಹಾಗಿಲ್ಲ. ಆದರೆ ಮೊದಲು ಆಗಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಅದಕ್ಕೂ ಒಂದು ಕ್ರಮವಿದೆಯಂತೆ. "ನಿನಗೆ ಇದು ಆಗಿಲ್ಲದಿದ್ದರೆ" ಎಂದು ಮೊದಲು ಹೇಳಿ ಆಮೇಲೆ ನೀರು ಹಾಕುವುದು. ಆಗಿದ್ದರೆ ಬರೀ ನೀರು, ಆಗಿಲ್ಲದಿದ್ದರೆ ಜ್ಞಾನಸ್ನಾನ. ತಾಯಿತಂದೆ ಒಪ್ಪಿದರೆ ತಾವೇ ಮಾಡಿಸುವುದಾಗಿ ಹೇಳಿದರು. ಕೇಳಿದಾಗ ನನ್ನ ಎದೆ ಎಷ್ಟು ಹಗುರವಾಯಿತೆಂದು ನಿನಗೆ ಮುಚ್ಚಿಡುವುದಿಲ್ಲ. ಒಂದೇ ಭಾನುವಾರದಲ್ಲಿ ಮುಗಿಯುವ ಕೆಲಸ. ನಾನು ಕೇಳಿದರೆ ಸಿರಿಲ್ ಈಗ ಇಲ್ಲ ಎನ್ನುವುದಿಲ್ಲ, ನಿನಗೂ ಇಲ್ಲ ಎನ್ನಲು ಸಂಕೋಚವಾಗುತ್ತದೆ. ಅದು ನನಗೆ ಗೊತ್ತು.

ಮನೆಗೆ ನಡೆದುಕೊಂಡೇ ಹೊರಟೆ. ಮಾರ್ಕೆಟ್ಟಿನ ಬಳಿ ತಿರುಗಿ ಮತ್ತೆ ಚರ್ಚಿಗೆ ಹೋದೆ. ಸ್ವಾಮಿಯವರು ಊಟಕ್ಕೆ ಕೂತಿದ್ದರು. ಬೇಡ ಎಂದು ಹೇಳಿ ಬಂದೆ.

ನನಗೆ ಸಮಾಧಾನವಾಗಿದೆ ಎಂದುಕೊಳ್ಳಬೇಡ. ಆಗಿಲ್ಲ. ನಿನ್ನೆ ಜಪ ಹೇಳುವಾಗ ಎರಡು ಸಲ ಎಣಿಕೆ ತಪ್ಪಿತು. ಆ ಮಗು ಕೆಮ್ಮಿತು ಎಂದು ಸಿರಿಲ್ ಫೋನಿನಲ್ಲಿ ಹೇಳಿದರೂ ನನಗೆ ಬೇರೆ ಏನೋ ಕಾಣಿಸುತ್ತದೆ. ಇದು ಹೀಗೆಯೇ ಇರುತ್ತದೆ. ಅವಳು ದೊಡ್ಡವಳಾಗಿ ನಿನ್ನನ್ನು ಕೇಳುವ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ. ಇದ್ದರೂ, ನೀನು ಅವಳಿಗೆ ಹೇಳುವಾಗ ನಾನು ಆ ಕೋಣೆಯಲ್ಲಿ ಇರುವುದಿಲ್ಲ.

ಭಾನುವಾರ ಬಾ. ನಾನು ಬೆಳಗಿನ ಮೊದಲ ಪೂಜೆಗೆ ಹೋಗಿ ನೀವು ಬರುವುದರೊಳಗೆ ಬಂದಿರುತ್ತೇನೆ. ವಿಜಯಮ್ಮನವರನ್ನೂ ಕರೆದುಕೊಂಡು ಬಾ, ಕಿದ್ವಾಯಿ ನಗರಕ್ಕೆ ನಾನೇ ಫೋನು ಮಾಡಿ ಹೇಳಿದ್ದೇನೆ. ಅವರಿಗೆ ಬೆಳ್ಳುಳ್ಳಿ ಹಾಕದೆ ಬೇರೆ ಸಾರು ಮಾಡುತ್ತೇನೆ. ಮಗುವನ್ನು ನನ್ನ ತೊಡೆಯ ಮೇಲೆ ಹಾಕು, ಹಾಕಿ ನೀನು ಹಾಯಾಗಿ ಊಟ ಮಾಡು.

ಕೇಳಬಾರದೆಂದು ನಿಶ್ಚಯ ಮಾಡಿದ್ದೇನೆ. ಆದರೂ ಅದು ಬಾಯಿಯವರೆಗೂ ಬಂದರೆ, ಮಗುವನ್ನು ನಿನ್ನ ಕೈಗೆ ಕೊಟ್ಟು ಎದ್ದು ಅಡುಗೆಮನೆಗೆ ಹೋಗುತ್ತೇನೆ. ಹಿಂದೆಯೇ ಬರಬೇಡ. ಸ್ವಲ್ಪ ಹೊತ್ತಿನಲ್ಲಿ ನಾನೇ ಬರುತ್ತೇನೆ.

ನಿನ್ನ ಅತ್ತೆ,
ರೆಜಿನಾ